ದವಾಖಾನಿ ಊಟ, ಸ್ಕುಟಾರಿಯ 13 ಹಂಡೆ

ಫ್ಲಾರೆನ್ಸ್ ನೈಟಿಂಗೇಲ್ ಅಂದಕೂಡಲೇ ನಮ್ಮೆಲ್ಲರಿಗೂ ನೆನಪಾಗೂದು ದೀಪ. ಸಾಲಿ ಪುಸ್ತಕದಾಗ ಚಿತ್ರ ಇರ್ತಿತ್ತಲ್ಲ, ತಲಿಮ್ಯಾಲೆ ಬಿಳೆ ಅರಿವಿ, ಕೈಯಾಗ ದೀಪ, ಸುತ್ತಲೂ ಮಲಗಿದ ಸೈನಿಕರು. ಆ ಕೈಯಾಗ ದೀಪದ ಬದಲಿ ಒಂದು ಸೌಟು ಬರದಿದ್ರೂ ಚಿತ್ರ ಸುಳ್ಳಾಗ್ತಿರಲಿಲ್ಲ ಅಂತ ನನಗ ಅನಸ್ತದ. ಆಕಿ ಆ ದವಾಖಾನಿಗೆ ಹೋದಾಗ ಡಾಕ್ಟರರು ಆಕಿಯನ್ನೂ ಆಕಿಯ ನರ್ಸುಗಳನ್ನೂ ಶುರುವಿಗೆ ವಾರ್ಡಿನೊಳಗ ಬಿಟ್ಟುಕೊಳ್ಳಲೇ ಇಲ್ಲ. ಹೆಣ್ಣುಮಕ್ಕಳು ಇಲ್ಲಿ ಯಾಕ ಅಂತ ಅವರ ತಕರಾರು. ಆದ್ರ ಗಂಜಿ ಕಾಸಿ ಕೊಟ್ರ ಮಾತ್ರ ಬ್ಯಾಡ ಅನ್ನಲಿಲ್ಲ. ಹಿಂಗಾಗಿ ಆಕಿ ಒಳಗ ಕಾಲಿಟ್ಟದ್ದೇ ಅಡಿಗಿಮನಿ ಬಾಗಲದಿಂದ.

ಯುದ್ಧದ ಕಥಿ ಎರಡೇ ಮಾತಿನ್ಯಾಗ ಮುಗಸ್ತೀನಿ, ನಮಗ ಬೇಕಾದದ್ದು ಒಲಿ ಹತ್ತಿರದ ಕಥಿ. 1854ರಾಗ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಕಾಳಗ ನಡದದ್ದು ಕಪ್ಪು ಸಮುದ್ರದ ದಂಡಿಗೆ ಇರೋ ಕ್ರಿಮಿಯಾದಾಗ. ಗಾಯ ಆದವರನ್ನ, ಕಾಲರಾ, ಭೇದಿ, ಜ್ವರ ಹತ್ತಿದವರನ್ನ ಹಡಗಿನ್ಯಾಗ ಹಾಕಿ ಸಮುದ್ರದ ಈಚೆ ದಂಡಿಗೆ, ಸ್ಕುಟಾರಿ ಅನ್ನೋ ಊರಿಗೆ ತರ್ತಿದ್ರು. ಅದು ಈಗ ಇಸ್ತಾನ್‌ಬುಲ್ ಪಟ್ಟಣದ ಒಂದು ಭಾಗ. ಅಲ್ಲಿ ತುರ್ಕಿ ಸೈನ್ಯದ ಒಂದು ದೊಡ್ಡ ಬ್ಯಾರಕ್ ಇತ್ತು, ಅದನ್ನೇ ದವಾಖಾನಿ ಮಾಡಿದ್ರು. ಅಲ್ಲಿಯ ಅವಸ್ಥಾ ಲಂಡನ್ನಿನ ಟೈಮ್ಸ್ ಪತ್ರಿಕಾದಾಗ ಅಚ್ಚಾದ ಮ್ಯಾಲೆ ದೇಶಕ್ಕ ದೇಶಾನೇ ಗದ್ದಲ ಎಬ್ಬಿಸ್ತು. ಮಂತ್ರಿ ಸಿಡ್ನಿ ಹರ್ಬರ್ಟ್ ಕೇಳಿಕೊಂಡಿದ್ದಕ್ಕ ನೈಟಿಂಗೇಲ್ 38 ಮಂದಿ ನರ್ಸುಗಳನ್ನ ಕರಕೊಂಡು ನವೆಂಬರ್ ಮೊದಲ ವಾರ ಅಲ್ಲಿ ಮುಟ್ಟಿದಳು. ಆಕಿಗೆ ಆಗ 34 ವರ್ಷ.

ಈಗ ಅಡಿಗಿಮನಿಗೆ ಬರ್ರಿ. ಸಾವಿರಾರು ಜಡ್ಡಿನವರು ಇರೋ ಕಟ್ಟಡಕ್ಕ ಅಡಿಗಿಮನಿ ಒಂದೇ. ಅದರಾಗ 13 ತಾಮ್ರದ ಹಂಡೆ, ಒಂದೊಂದಕ್ಕ 250 ಲೀಟರ್ ಹತ್ತಿರ ನೀರು ಹಿಡೀತಿತ್ತು. ಬ್ಯಾರೆ ಪಾತೇಲಿ ಇಲ್ಲ, ಕೆಟಲಿ ಇಲ್ಲ. ಮಾಂಸ ಬೇಸೂದೂ ಅದರಾಗೇ, ಚಹಾ ಕುದಸೂದೂ ಅದರಾಗೇ. ನಡುವೆ ತಿಕ್ಕಿ ತೊಳಿಯೂದು ಇಲ್ಲ, ನೀರಿಗೂ ತ್ರಾಸು. ಮಾಂಸದ ಜಿಡ್ಡು ತೇಲೋ ಚಹಾ! ಜ್ವರ ಬಂದು ಬಾಯಿ ಕಹಿ ಆದ ಮನುಷ್ಯಾ ಅದನ್ನ ಹೆಂಗ ಕುಡದಾನು? ಭಾಳ ಮಂದಿ ಮುಟ್ಟತಿರಲಿಲ್ಲ.

ಮಾಂಸ ಬೇಸೋ ರೀತಿ ಕೇಳ್ರಿ. ಮುಂಜಾನೆ ಪ್ರತಿ ವಾರ್ಡಿನ ಆಳು ಬಂದು ತನ್ನ ಮಂದಿ ಪಾಲಿನ ಮಾಂಸ ತೂಗಿಸಿಕೊಳ್ಳಬೇಕು. ಎಲ್ಲಾ ವಾರ್ಡಿನ ಮಾಂಸ ಅದೇ ಹಂಡೆಗೆ ಬೀಳೂದರಿಂದ ಗುರುತು ಬೇಕಲ್ಲ? ಅದಕ್ಕ ಒಬ್ಬ ಕೆಂಪು ಚಿಂದಿ ಕಟ್ಟತಿದ್ದ, ಇನ್ನೊಬ್ಬ ಕೋಟಿನ ಗುಂಡಿ ಪೋಣಸ್ತಿದ್ದ, ಮತ್ತೊಬ್ಬ ತುಕ್ಕು ಹಿಡಿದ ಮೊಳಿ, ಹಳೇ ಕತ್ತರಿ, ಏನು ಸಿಕ್ಕರ ಅದು. ಹಂಗೇ ಬಿಗಿಯಾಗಿ ಕಟ್ಟಿ ಹಂಡೆದಾಗ ಒಗದುಬಿಡೂದು. ನೀರು ಕುದ್ದದ್ದು ಎಷ್ಟು ಬಿಟ್ಟದ್ದು ಎಷ್ಟು ಯಾರೂ ನೋಡೂದಿಲ್ಲ. ಹೊತ್ತಾತು ಅನಿಸಿದಾಗ ಒಲಿಮ್ಯಾಲೆ ಬಕೀಟು ನೀರು ಸುರುವಿ ಆರಿಸಿ, ಅವರವರ ಗುರುತು ಹುಡಕಿ ಎತ್ತಿಕೊಳ್ಳೂದು. ಒಬ್ಬರದು ನಾರು ನಾರು ಆಗಿರ್ತಿತ್ತು, ಇನ್ನೊಬ್ಬರದು ನಡುವೆ ಕೆಂಪಗ ಹಸಿನೇ. ವಾರ್ಡಿಗೆ ಒಯ್ದು ಆಳು ಅದನ್ನ ತನ್ನ ಹಾಸಿಗಿ ಮ್ಯಾಲೇ ಇಟ್ಟು ಕೊಯ್ದು ಪಾಲು ಮಾಡ್ತಿದ್ದ. ಎಲ್ಲಾರಿಗೂ ಮುಟ್ಟೂದರಾಗ ತಾಸುಗಟ್ಟಲೆ ಆಗಿ ತಣ್ಣಗ ಕೊರೀತಿತ್ತು.

ತೂಕ ಮಾಡೂದು ಎಲಬು ಕೂಡೆ. ಹಿಂಗಾಗಿ ಒಬ್ಬನ ಪಾಲಿಗೆ ಬರೇ ಎಲಬು ಬಂದ್ರ ಅದೇ ಅವನ ಊಟ. ಎಲಬು ತಗದು ತೂಗ್ರಿ ಅಂತ ಕೇಳಿದ್ರ, ಅದಕ್ಕ ಸೈನ್ಯದ ಹೊಸಾ ಕಾನೂನೇ ಆಗಬೇಕಾಗ್ತದ ಅನ್ನೋ ಉತ್ತರ ಬಂತಂತ! ಒಂದು ಚಾಕು ಸಾಕಾಗೋ ಕೆಲಸಕ್ಕ ಕಾನೂನು.

ಇಲ್ಲಿ ಒಂದು ಮಾತು ಲಕ್ಷ್ಯ ಇಟ್ಟು ನೋಡ್ರಿ. ಸಾಮಾನು ಇರಲಿಲ್ಲ ಅಂತಲ್ಲ. ಮಾಂಸ ಬರ್ತಿತ್ತು, ಬ್ರೆಡ್ ಬರ್ತಿತ್ತು, ಚಹಾಪುಡಿ ಬರ್ತಿತ್ತು. ಕಾಗದದ ಮ್ಯಾಲೆ ಅಂತೂ ಛಂದ ಪಟ್ಟಿ ಇತ್ತು, ಫುಲ್ ಡಯಟ್, ಹಾಫ್ ಡಯಟ್, ಸ್ಪೂನ್ ಡಯಟ್ ಅಂತ. ಜಡ್ಡಿನವರ ಬಾಯಿಗೆ ಹೋಗೋ ರೂಪದಾಗ ಮಾತ್ರ ಏನೂ ಇರಲಿಲ್ಲ. ದವಾಖಾನಿ ಊಟ ಚಲೋ ಇಲ್ಲ ಅಂದಕೂಡಲೇ ನಾವು ರೊಕ್ಕ ಇಲ್ಲ, ಸಾಮಾನು ಇಲ್ಲ ಅಂತೀವಲ್ಲ, ಸ್ಕುಟಾರಿ ಕಥಿ ಓದಿದ ಮ್ಯಾಲೆ ನಾನು ಹಂಗ ಅನ್ನೂದು ಬಿಟ್ಟೀನಿ.

ನೈಟಿಂಗೇಲ್ ಬರೂ ದಾರ್ಯಾಗ ಫ್ರಾನ್ಸಿನ ಮಾರ್ಸೇ ಬಂದರದಾಗ ಇಳದು, ಅರಾರೂಟ್ ಹಿಟ್ಟು, ವೈನು, ಎತ್ತಿಕೊಂಡು ಹೋಗೋ ಸಣ್ಣ ಒಲಿ, ಇಂಥಾವೆಲ್ಲಾ ಖರೀದಿ ಮಾಡಿ ತಂದಿದ್ದಳು. ಸರ್ಕಾರ ಎಲ್ಲಾ ಅದ ಅಂತ ಹೇಳಿದ್ರೂ ಆಕಿ ನಂಬಲಿಲ್ಲ. ಪ್ರವಾಸಕ್ಕ ಹೊಂಟಾಗ ನಾವು ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಳ್ಳೂದಿಲ್ಲೇನು, ಹಂಗ. ಬಂದು ಹತ್ತೇ ದಿನದಾಗ ಬ್ಯಾರೆ ಎರಡು ಸಣ್ಣ ಅಡಿಗಿಮನಿ ಎಬ್ಬಿಸಿದಳು. ಗಟ್ಟಿ ಊಟ ಒಲ್ಲದವರಿಗೆ ಅಲ್ಲಿಂದ ಅರಾರೂಟ್ ಗಂಜಿ, ಸಾಬುದಾಣಿ, ಮಾಂಸದ ತಿಳಿ. ಆದ್ರ ಡಾಕ್ಟರರ ಚೀಟಿ ಇಲ್ಲದ ಒಂದು ಬಟ್ಟಲಾನೂ ಹೊರಗ ಹೋಗಬಾರದು ಅಂತ ಕಟ್ಟಪ್ಪಣಿ ಮಾಡಿದ್ದಳು. ಹಸಗೊಂಡವರು ಕಣ್ಣೆದುರು ಇರುವಾಗ ಹಂಗ ಕೂತದ್ದಕ್ಕ ಆಕಿಯ ನರ್ಸುಗಳೇ ಸಿಟ್ಟಾದ್ರು. ನನಗ ಆಕಿ ಮಾಡಿದ್ದೇ ಬರೋಬ್ಬರಿ ಅನಸ್ತದ. ಚೀಟಿ ಇಲ್ಲದ ಕೊಟ್ಟಿದ್ರ ಎರಡನೇ ದಿನಕ್ಕೇ ಆಕಿಯ ಒಲಿ ಆರಸ್ತಿದ್ರು.

ಇಷ್ಟಾದ್ರೂ ಆ ದೊಡ್ಡ ಅಡಿಗಿಮನಿಯ 13 ಹಂಡೆ ಹಂಗೇ ಉಳಿದಿದ್ವು. ಅವಕ್ಕ ಕೈ ಹಾಕಿದಾತ ಬ್ಯಾರೆಯವ, ಅಲೆಕ್ಸಿಸ್ ಸೋಯರ್.

ಈ ಮನುಷ್ಯಾನ ಬಗ್ಗೆ ಬರೀಲಿಕ್ಕೆ ನನಗ ಭಾಳ ಖುಷಿ. ಫ್ರಾನ್ಸಿನ್ಯಾಗ 1810ರಾಗ ಹುಟ್ಟಿದಾತ. ಲಂಡನ್ನಿನ ರಿಫಾರ್ಮ್ ಕ್ಲಬ್ ಅಂತ ದೊಡ್ಡ ಮಂದಿಯ ಕ್ಲಬ್ಬಿನ್ಯಾಗ ಮುಖ್ಯ ಅಡಿಗಿಯಾತ. ಅಲ್ಲಿ ಗ್ಯಾಸ್ ಒಲಿ ಹಚ್ಚಿಸಿದ್ದ, ಆ ಕಾಲಕ್ಕ! ಅವನ ಅಡಿಗಿಮನಿ ನೋಡಲಿಕ್ಕೇ ಮಂದಿ ಬರ್ತಿದ್ರು. ಅರಿವಿ-ಅಂಚಡಿ ಅಂತೂ ಕೇಳಬ್ಯಾಡ್ರಿ, ಕೋಟು, ಟೊಪಿಗಿ, ವಿಸಿಟಿಂಗ್ ಕಾರ್ಡ್ ಸುದ್ದಾ ಸೊಟ್ಟಗ ಕತ್ತರಿಸಿ ಮಾಡಿಸ್ತಿದ್ದ. ಬಡಿವಾರ ಭಾಳ. ಆದ್ರ ಐರ್ಲೆಂಡಿನ್ಯಾಗ ಬಟಾಟಿ ಬೆಳಿ ಹಾಳಾಗಿ ಬರ ಬಿದ್ದಾಗ, 1847ರಾಗ ಡಬ್ಲಿನ್‌ಗೆ ಹೋಗಿ ದಿನಾ ಸಾವಿರಾರು ಮಂದಿಗೆ ಸೂಪು ಹಂಚೋ ಅಡಿಗಿಮನಿ ನಡಸಿದಾತನೂ ಅವನೇ. ಅಲ್ಲಿ ಬಟ್ಟಲಕ್ಕ ಚಮಚಾ ಸರಪಳಿಲೆ ಕಟ್ಟಿತ್ತು, ಗಂಟಿ ಹೊಡದಕೂಡಲೇ ಒಂದು ತಂಡ ಎದ್ದು ಇನ್ನೊಂದು ತಂಡ ಕೂಡಬೇಕು. ಆ ಸೂಪಿನ್ಯಾಗ ಸತ್ವ ಇಲ್ಲ, ಬರೇ ನೀರು ಅಂತ ಆಗಿನ ಡಾಕ್ಟರರು ಟೀಕಾ ಮಾಡಿದ್ರು. ಟೀಕಾ ಖರೇನೂ ಇತ್ತು. ಆದ್ರ ಒಮ್ಮೆ ಸಾವಿರ ಮಂದಿಗೆ ಹೆಂಗ ಮಾಡಬೇಕು, ಹೆಂಗ ಹಂಚಬೇಕು ಅನ್ನೂದು ಅವನ ಕೈಗೆ ಹತ್ತಿದ್ದು ಅಲ್ಲೇ ಇರಬೇಕು.

1855ರ ಫೆಬ್ರವರಿಯಾಗ ಅವ ಟೈಮ್ಸ್ ಪತ್ರಿಕಾಕ್ಕ ಕಾಗದ ಬರದು, ನನ್ನ ಖರ್ಚಿನ್ಯಾಗೇ ಸ್ಕುಟಾರಿಗೆ ಹೋಗ್ತೀನಿ, ಅಡಿಗಿಮನಿ ಸುಧಾರಿಸ್ತೀನಿ ಅಂದ. ಸರ್ಕಾರ ಹೂಂ ಅಂತು. ವಸಂತದ ಹೊತ್ತಿಗೆ ಅಲ್ಲಿ ಮುಟ್ಟಿದ. ಮೊದಲಿನ ಕೆಲಸ, ಸುಮ್ಮನ ನಿಂತು ನೋಡಿದ. ಮಾಂಸಕ್ಕ ತುಕ್ಕಿನ ಸಾಮಾನು ಕಟ್ಟಿದ್ದು ಯಾಕಪಾ ಅಂತ ಕೇಳಿದ್ರ, ಕುದಿಯೋ ನೀರಾಗ ಹಾಕಿದ ಮ್ಯಾಲೆ ತಾನೇ ಸ್ವಚ್ಛ ಆಗ್ತದಲ್ರೀ ಅಂತ ಒಬ್ಬ ಆಳು ಹೇಳಿದನಂತ.

ಅವ ನೋಡಿದ ಎರಡನೇದ್ದು ಇನ್ನೂ ಹೊಟ್ಟಿ ಉರಿಯೋ ಸಂಗತಿ. ಮಾಂಸ ತಗದುಕೊಂಡ ಮ್ಯಾಲೆ ಆ ಬೆಂದ ನೀರನ್ನ ಚೆಲ್ಲಿಬಿಡ್ತಿದ್ರು! ನಮ್ಮ ಮನ್ಯಾಗ ಮಾಂಸ ಮಾಡೂದಿಲ್ಲ, ಆದ್ರ ಹೋಳಿಗಿ ಮಾಡಿದ ದಿನ ಕಡ್ಲಿಬ್ಯಾಳಿ ಬಸದ ಕಟ್ಟು ಯಾರರೆ ಮೋರಿಗೆ ಸುರುವಿದ್ರ ಏನನಸ್ತದ ಹೇಳ್ರಿ? ಹೋಳಿಗಿಕಿಂತ ಕಟ್ಟಿನ ಸಾರಿಗೇ ಬಾಯಿ ಬಿಡೋ ಮಂದಿ ನಾವು. ಸೋಯರ್ ಆ ಕಟ್ಟನ್ನ ಉಳಿಸಿದ. ಅದಕ್ಕ ಉಪ್ಪು, ಮೆಣಸು, ಸ್ವಲ್ಪ ಹಿಟ್ಟು, ತರಕಾರಿ ಹಾಕಿ ಸೂಪ್ ಮಾಡಿದ. ಮ್ಯಾಲೆ ತೇಲೋ ಕೊಬ್ಬು ತಗದಿಟ್ಟು ಅದನ್ನೂ ಅಡಿಗಿಗೆ ಹಚ್ಚಿದ. ಬಿಗಿಯಾಗಿ ಕಟ್ಟಿದ ಮಾಂಸದ ಗಂಟು ಸಡಲ ಮಾಡಿಸಿದ, ನೀರು ಒಳಗ ಹೊಕ್ಕು ಒಂದೇ ಸಮ ಬೇಯ್ಲಿ ಅಂತ. ಹಂಡೆಗೆ ಕಲಾಯಿ ಹಾಕಿಸಿದ. ಸಾಮಾನು ಮೊದಲಿನದ್ದೇ, ತೂಕಾನೂ ಮೊದಲಿನದ್ದೇ. ಹಳೇ ಪದ್ಧತಿದು ಒಂದು ಬಟ್ಟಲ, ಹೊಸಾದು ಒಂದು ಬಟ್ಟಲ ಬಾಜೂಕ ಇಟ್ಟು ಡಾಕ್ಟರರಿಗೆ ರುಚಿ ನೋಡ್ರಿ ಅಂದ. ವಾದಾನೇ ಮಾಡಲಿಲ್ಲ, ಚಮಚಾ ಕೈಗೆ ಕೊಟ್ಟ. ಇದು ನನಗ ಭಾಳ ಸೇರಿದ ಮಾತು.

ಚಹಾದ ಕಥಿನೂ ಹಂಗೇ. ಚಹಾಪುಡಿಯನ್ನ ಅರಿವ್ಯಾಗ ಬಿಗಿದು ಗಂಟು ಕಟ್ಟಿ ಹಂಡೆಯೊಳಗ ಬಿಡ್ತಿದ್ರು. ಪುಡಿ ಅರಳಲಿಕ್ಕೇ ಜಾಗಾ ಇಲ್ಲ, ಬಣ್ಣ ಬಿಡೂದು ಎಲ್ಲಿಂದ? ಸೋಯರ್ ಒಳಗ ತೂತಿನ ಕೊಳವಿ ಇರೋ ದೊಡ್ಡ ಚಹಾದ ಪಾತ್ರಿ ಮಾಡಿಸಿದ, ನಮ್ಮ ಕಾಫಿ ಫಿಲ್ಟರಿನ ಅಕ್ಕನೋ ತಂಗಿನೋ ಅನ್ನಬಹುದು. ಅದಕ್ಕ ಸ್ಕುಟಾರಿ ಟೀಪಾಟ್ ಅಂತನೇ ಹೆಸರು ಬಿತ್ತು.

ಇನ್ನೊಂದು ಅವ ಮಾಡಿದ್ದು ಮ್ಯಾಲ್ನೋಟಕ್ಕ ಸಣ್ಣದು, ನನಗ ಅದೇ ಎಲ್ಲಾಕಿಂತ ದೊಡ್ಡದು ಅನಸ್ತದ. ಅಲ್ಲಿ ಅಡಿಗಿ ಮಾಡೂದು ಯಾರ ಕೆಲಸಾನೂ ಆಗಿರಲಿಲ್ಲ. ಪಾಳಿ ಬಂದ ಸೈನಿಕ ನಾಲ್ಕು ದಿನ ಮಾಡೂದು, ಕೈ ಸ್ವಲ್ಪ ಪಳಗೂದರಾಗ ಬ್ಯಾರೆಯವ ಬರೂದು. ಸೋಯರ್ ಹಟ ಹಿಡದು ಅಡಿಗಿ ಸಲುವಾಗಿ ಕಾಯಂ ಮಂದಿ ಬೇಕು ಅಂದ, ಅವರನ್ನ ಕಲಿಸಿ ತಯಾರ ಮಾಡಿದ. ಐವತ್ತು ಮಂದಿಗೆ, ನೂರು ಮಂದಿಗೆ ಉಪ್ಪು ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ಅಂತ ಬರದು ಕೊಟ್ಟ. ಅಂದಾಜಿನ ಮ್ಯಾಲೆ ಬಿಡಲಿಲ್ಲ. ನಮ್ಮ ಕೈ ಅಳತಿ ನಾಲ್ಕು ಮಂದಿಗೆ ನಡೀತದ, ನಾನೂರಕ್ಕ ನಡಿಯೂದಿಲ್ಲ. ಮದುವಿ ಮನಿ ಅಡಿಗಿಯವರನ್ನ ಕೇಳಿದ್ರ ಗೊತ್ತಾಗ್ತದ.

ಆಮ್ಯಾಲೆ ಅವ ಕ್ರಿಮಿಯಾಕ್ಕೂ ಹೋಗಿ ತನ್ನ ಹೊಸಾ ಒಲಿ ಅಲ್ಲಿ ಇಟ್ಟ. ಡ್ರಮ್ಮಿನ ಆಕಾರ, ಒಳಗ ಬೆಂಕಿ, ಮ್ಯಾಲೆ ಹಂಡೆ, ಕಟ್ಟಿಗಿ ಭಾಳ ಕಡಿಮಿ ಸಾಕು, ರಾತ್ರ್ಯಾಗ ಉರಿ ಹೊರಗ ವೈರಿಗೆ ಕಾಣೂದಿಲ್ಲ. 1982ರ ಫಾಕ್‌ಲ್ಯಾಂಡ್ ಯುದ್ಧದ ಕಾಲಕ್ಕೂ ಬ್ರಿಟಿಷ್ ಸೈನ್ಯದ ಹತ್ತಿರ ಆ ಒಲಿ ಇತ್ತು ಅಂದ್ರ ನೋಡ್ರಿ. ಅವಗ ಮಾತ್ರ ಕ್ರಿಮಿಯಾದ ಜ್ವರ ಬಡದು ಮೈ ಹಣ್ಣಾತು. 1858ರ ಆಗಸ್ಟಿನ್ಯಾಗ, ಐವತ್ತು ತುಂಬೂಕಿಂತ ಮೊದಲೇ ತೀರಿಕೊಂಡ. ಅದೇ ವರ್ಷ ಲಂಡನ್ನಿನ ವೆಲ್ಲಿಂಗ್ಟನ್ ಬ್ಯಾರಕ್ಸಿನ್ಯಾಗ ಅವನ ಮಾದರಿ ಅಡಿಗಿಮನಿ ತಯಾರಾಗಿತ್ತು. ನೈಟಿಂಗೇಲ್‌ಗೆ ಅವನ ಸಾವು ಭಾಳ ಬ್ಯಾಸರ ತಂತು. ಬಾಯಿಗೆ ರುಚಿ ಹುಟ್ಟಸೋ ಅಡಿಗಿಯವರು ಬ್ಯಾರೆಯವರೂ ಇದ್ರು, ಆದ್ರ ಇದ್ದ ಸಾಮಾನಿನ್ಯಾಗೇ ದೊಡ್ಡ ಗುಂಪಿಗೆ ಮೈಗೆ ಹತ್ತೋ ಊಟ ಹೆಂಗ ಮಾಡಬೇಕು ಅಂತ ಅಭ್ಯಾಸ ಮಾಡಿದಾತ ಇವನೇ ಅಂತ ಆಕಿಗೆ ಗೊತ್ತಿತ್ತು.

ಊಟ ಸುಧಾರಿಸಿತು, ಎಲ್ಲಾರೂ ಉಳಕೊಂಡ್ರು ಅಂತ ಬರದ್ರ ಕಥಿ ಛಂದ ಆಗ್ತದ, ಖರೇ ಆಗೂದಿಲ್ಲ. 1855ರ ಫೆಬ್ರವರಿಯಾಗ ಸ್ಕುಟಾರಿಯೊಳಗ ನೂರಕ್ಕ 42ರಷ್ಟು ಸಾವು ಇತ್ತು, ನೈಟಿಂಗೇಲ್ ಬಂದು ಮೂರು ತಿಂಗಳಾದ ಮ್ಯಾಲೂ. ಮಾರ್ಚಿನ್ಯಾಗ ಲಂಡನ್‌ದಿಂದ ನೈರ್ಮಲ್ಯದ ಕಮಿಷನ್ ಬಂದು ಕಟ್ಟಡದ ಕೆಳಗ ತುಂಬಿ ನಿಂತಿದ್ದ ಗಟಾರ ಬಳೀತು, ಗ್ವಾಡಿಗೆ ಸುಣ್ಣಾ ಹಚ್ಚಿಸ್ತು, ನೀರಿನ ಕಾಲುವಿ ಸ್ವಚ್ಛ ಮಾಡಿಸ್ತು. ಜೂನ್ ಹೊತ್ತಿಗೆ ಸಾವು ನೂರಕ್ಕ ಎರಡಕ್ಕ ಇಳೀತು. ದೊಡ್ಡ ಪಾಲು ಆ ಗಟಾರದ್ದು. ಆದ್ರ ಊಟದ ಕೆಲಸ ಸಾವಿನ ಲೆಕ್ಕದಾಗಷ್ಟೇ ಕಾಣೂದಿಲ್ಲಲ್ಲ. ಬದುಕಿ ಉಳದವ ಎದ್ದು ಕೂಡಬೇಕಾದ್ರ, ಕಾಲಿನ್ಯಾಗ ಕಸುವು ಬರಬೇಕಾದ್ರ, ತಾಟಿನ್ಯಾಗಿಂದೇ ಬರಬೇಕು.

ಊರಿಗೆ ತಿರುಗಿ ಬಂದ ಮ್ಯಾಲೆ ನೈಟಿಂಗೇಲ್ ನೋಟ್ಸ್ ಆನ್ ನರ್ಸಿಂಗ್ ಅಂತ ಒಂದು ಸಣ್ಣ ಪುಸ್ತಕ ಬರದಳು, 1860ರ ಸುಮಾರಿಗೆ ಅದು ಮನಿಮನಿಗೆ ಹೋತು. ಅದನ್ನ ಆಕಿ ಬರದದ್ದು ನಮ್ಮಂಥ ಮನಿ ಹೆಣ್ಣುಮಕ್ಕಳ ಸಲುವಾಗಿ, ಯಾಕಂದ್ರ ಒಂದಿಲ್ಲೊಂದು ದಿನ ಪ್ರತಿ ಹೆಣ್ಣುಮಗಳೂ ಯಾರದರೆ ಸೇವಾ ಮಾಡಬೇಕಾಗ್ತದ. ಅದರಾಗ ಊಟದ ಬಗ್ಗೆನೇ ಎರಡು ಅಧ್ಯಾಯ. ಎಲ್ಲಾ ಸಮೃದ್ಧಿ ಇದ್ದಾಗೂ ಸಾವಿರಾರು ಜಡ್ಡಿನವರು ಉಪವಾಸ ಬೀಳ್ತಾರ, ಯಾಕಂದ್ರ ಅವರಿಗೆ ಉಣ್ಣಲಿಕ್ಕೆ ಸಾಧ್ಯ ಆಗೋ ಹಂಗ ಯಾರೂ ಕೊಡೂದಿಲ್ಲ ಅಂತ ಆಕಿ ವಾದ.

ಜಡ್ಡಿನವರು ಉಣಲಿಲ್ಲ ಅಂದ್ರ ಕಾರಣ ನಾಲ್ಕು ಇರ್ತಾವ ಅಂತಾಳ. ಅಡಿಗಿ ಸರಿ ಇರಲಿಕ್ಕಿಲ್ಲ. ಕೊಟ್ಟ ಪದಾರ್ಥ ಅವರಿಗೆ ತಕ್ಕದ್ದು ಇರಲಿಕ್ಕಿಲ್ಲ. ಕೊಟ್ಟ ಹೊತ್ತು ಸರಿ ಇರಲಿಕ್ಕಿಲ್ಲ. ಇಲ್ಲಾ, ಖರೇನೇ ಹಸಿವು ಇರಲಿಕ್ಕಿಲ್ಲ. ನಾವು ಮೊದಲಿನ ಮೂರೂ ನೋಡದ ನಾಲ್ಕನೇದ್ದಕ್ಕ ಕೈ ತೋರಿಸಿ, ಏನೂ ಸೇರವಲ್ದು ಅವರಿಗೆ ಅಂತ ಮುಗಿಸಿಬಿಡ್ತೀವಿ. ಓದಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತೆ. ಎಷ್ಟು ಮನಿಯೊಳಗ, ಎಷ್ಟು ದವಾಖಾನ್ಯಾಗ ಈ ಮಾತು ಕೇಳೀವಿ!

ಆಕಿ ಹೇಳೋ ಉಪಾಯ ಎಲ್ಲಾ ನಮ್ಮ ಅಜ್ಜಿಯಂದಿರ ಮಾತಿನಂಗೇ ಅವ. ಮೂರು ತಾಸಿಗೊಮ್ಮೆ ಒಂದು ಕಪ್ಪು ಕೊಡ್ರಿ ಅಂತ ಹೇಳಿದ್ದಿದ್ದು, ಅದು ಹೊಟ್ಟ್ಯಾಗ ನಿಲ್ಲಲಿಲ್ಲಂದ್ರ ತಾಸಿಗೊಂದು ದೊಡ್ಡ ಚಮಚಾ ಕೊಡ್ರಿ. ಅದೂ ನಿಲ್ಲಲಿಲ್ಲಂದ್ರ ಕಾಲು ತಾಸಿಗೊಂದು ಸಣ್ಣ ಚಮಚಾ. ಮುಟ್ಟದ ಬಿಟ್ಟ ಊಟ, ಆಮ್ಯಾಲೆ ತಿಂದಾರು ಅಂತ ತಲಿದಿಂಬಿನ ಹತ್ತಿರ ಇಡಬ್ಯಾಡ್ರಿ. ಅದನ್ನ ನೋಡಿ ನೋಡಿನೇ ಮನಸು ಒಲ್ಲೆನ್ನತದ. ಬ್ಯಾರೆಯವರ ಊಟದ ವಾಸನಿ ಅವರಿಗೆ ಬಡೀಬಾರದು. ಬಶ್ಯಾಗ ಚಹಾ ಚೆಲ್ಲಿ ಕಪ್ಪಿನ ತಳ ಒದ್ದಿ ಆಗಬಾರದು, ಕುಡಿಯುವಾಗ ಹಾಸಿಗಿ ಮ್ಯಾಲೆ ಹನೀತದ. ಮತ್ತ ಎಲ್ಲಾರೂ ಶಕ್ತಿ ಬರ್ತದ ಅಂತ ಕುಡಿಸೋ ಮಾಂಸದ ತಿಳಿಯೊಳಗ ನೀವು ತಿಳಕೊಂಡಷ್ಟು ಸತ್ವ ಇಲ್ಲ, ಇಂಗಿಸಿ ನೋಡ್ರಿ, ತಳದಾಗ ಎಷ್ಟು ಉಳೀತದ ಅಂತ ಕೇಳ್ತಾಳ. ನಾವು ಬ್ಯಾಳಿ ತಿಳಿನೇ ಕುಡಿಸಿ, ತಳದ ಬ್ಯಾಳಿ ನಾವು ಉಂಡು, ಅವರಿಗೆ ಕಸುವು ಯಾಕ ಬರವಲ್ದು ಅಂತ ಕೇಳೂದೂ ಅದೇ ಲೆಕ್ಕ.

ನೈಟಿಂಗೇಲ್ ಹೆಸರು ಹೇಳಿ ನರ್ಸಿಂಗ್ ಸಾಲಿ ಎಲ್ಲಾ ಕಡೆ ಆದ್ವು, ಆದ್ರ ಈ ಎರಡು ಅಧ್ಯಾಯ ಮಾತ್ರ ದೊಡ್ಡ ದವಾಖಾನಿಗಳೇ ಮರತುಬಿಟ್ವು. ಊಟ ಟ್ರಾಲಿಮ್ಯಾಲೆ ಬರೋ ಸಾಮಾನಾತು. 1974ರಾಗ ಅಮೆರಿಕಾದ ಚಾರ್ಲ್ಸ್ ಬಟರ್‌ವರ್ತ್ ಅನ್ನೋ ಡಾಕ್ಟರು ಒಂದು ಲೇಖನ ಬರದು ತಮ್ಮವರನ್ನೇ ಎಬ್ಬಿಸಿದ್ರು. ದವಾಖಾನಿಯ ಕಪಾಟಿನ್ಯಾಗ ಒಂದು ಅಸ್ಥಿಪಂಜರ ಮುಚ್ಚಿಟ್ಟೀವಿ ಅನ್ನೋ ಅರ್ಥದ ಹೆಸರು ಅದಕ್ಕ. ತಪಾಸಣಿ ಅದ ಅಂತ ಊಟ ತಪ್ಪಸ್ತಾರ, ಸಲೈನ್ ಮ್ಯಾಲೇ ದಿನಗಟ್ಟಲೆ ಇಡ್ತಾರ, ತೂಕ ಬರದಿಡೂದಿಲ್ಲ, ರೋಗಿ ದವಾಖಾನ್ಯಾಗ ಇದ್ದೇ ಸೊರಗತಾನ ಅಂತ ಬರದ್ರು. 1994ರಾಗ ಸ್ಕಾಟ್ಲೆಂಡಿನ ಡಂಡೀ ಊರಾಗ ಹೊಸದಾಗಿ ದಾಖಲಾದ 500 ಮಂದಿಯನ್ನ ತೂಗಿ ಅಳದು ನೋಡಿದ್ರ 200 ಮಂದಿ ಬರೂದರಾಗೇ ಸೊರಗಿದ್ರು. ಮನಿಗೆ ಕಳಸೂ ಮುಂದ ಸಿಕ್ಕವರನ್ನ ಮತ್ತೊಮ್ಮೆ ತೂಗಿದ್ರ, ಭಾಳ ಮಂದಿ ಒಳಗಿದ್ದಾಗ ಇನ್ನಷ್ಟು ಇಳದಿದ್ರು.

2001ರಾಗ ಬ್ರಿಟಿಷ್ ಸರ್ಕಾರ ಟಿವ್ಯಾಗ ಹೆಸರಾದ ಲಾಯ್ಡ್ ಗ್ರಾಸ್‌ಮನ್ ಅವರನ್ನ ಮುಂದ ಮಾಡಿ ದವಾಖಾನಿ ಊಟ ಸುಧಾರಿಸಲಿಕ್ಕೆ ಹೊಂಟ್ತು. ದೊಡ್ಡ ದೊಡ್ಡ ಬಾಣಸಿಗರು ಮೆನು ಬರದ್ರು. ಐದು ವರ್ಷದಾಗ ಆ ಯೋಜನಾ ನಿಂತೂ ಹೋತು. ಸೋಯರ್ ಇದ್ದಿದ್ರ ಮೆನು ಬಿಟ್ಟು ಮೊದಲು ಹಂಡೆ ನೋಡ್ತಿದ್ದ. ಆದ್ರ ಅದೇ ಸುಮಾರಿಗೆ ಬಂದ ಎರಡು ಸಾದಾ ಪದ್ಧತಿ ಅಲ್ಲಿ ಭಾಳ ದವಾಖಾನ್ಯಾಗ ಬೇರು ಬಿಟ್ವು. ಒಂದು, ಊಟದ ಹೊತ್ತಿನ್ಯಾಗ ಡಾಕ್ಟರರ ರೌಂಡು, ಎಕ್ಸ್‌ರೇ, ರಕ್ತ ತಗಿಯೂದು ಯಾವುದೂ ಬ್ಯಾಡ, ಆ ಅರ್ಧ ತಾಸು ಊಟಕ್ಕೇ ಬಿಡಬೇಕು. ಇನ್ನೊಂದು ಕೆಂಪು ಟ್ರೇ. ಕೈ ನಡಗೋ ಮುದುಕರು, ಕಣ್ಣು ಕಾಣದವರು, ಮುಚ್ಚಳ ತಗಿಯಲಿಕ್ಕೂ ಆಗದವರು, ಇವರ ಊಟ ಕೆಂಪು ಟ್ರೇದಾಗ ಬರ್ತದ. ದೂರದಿಂದನೇ ಗೊತ್ತಾಗ್ತದ, ಇಲ್ಲಿ ಯಾರರೆ ಕೂತು ಉಣಸಬೇಕು ಅಂತ. ನಮ್ಮ ಕಡೆ ಆ ಕೆಲಸ ಮನಿಯಿಂದ ಡಬ್ಬಿ ಹಿಡಕೊಂಡು ಹೋಗೋ ಅಕ್ಕನೋ ಸೊಸಿನೋ ಮಾಡ್ತಾಳ. ಡಬ್ಬಿ ತೊಳಿಯುವಾಗ ಎಷ್ಟು ಉಳದದ ಅಂತ ನೋಡಿ ಸಂಜಿಗೆ ಬ್ಯಾರೆ ಏನರೆ ಮಾಡ್ತಾಳ. ಅಲ್ಲಿ ಕೆಂಪು ಟ್ರೇ ತಿರುಗಿ ಎತ್ತಿಕೊಂಡು ಹೋಗೂಕಿಂತ ಮೊದಲು ನರ್ಸು ಬಂದು, ತಾಟಿನ್ಯಾಗ ಎಷ್ಟು ಉಳದದ ಅಂತ ನೋಡಿ ಚಾರ್ಟಿನ ಮ್ಯಾಲೆ ಬರೀಬೇಕು.